ಜಾದೂ ಬಲ್ಲವರೆಲ್ಲ ಜಾಣರಲ್ಲ

ಪತ್ರ: ಇಂಗ್ಲಿಷ್ ಕಾದಂಬರಿಕಾರ ಟೋಲ್ಕೀನ್ ಅವರ ಎಲ್ಫ್‌ಗಳನ್ನು, ಅಂದರೆ ಮನುಷ್ಯರಂತಿದ್ದೂ ಸಾವಿರಾರು ವರ್ಷ ಬಾಳುವ ಆ ಕಲ್ಪನೆಯ ಕುಲದವರನ್ನು, ಮಹಾಜ್ಞಾನಿಗಳೆಂದು ನಿಮ್ಮ ಪತ್ರಿಕೆ ಹೊಗಳುತ್ತಲೇ ಇರುತ್ತದೆ. ಆದರೆ ಅವರ ಒಡತಿ ಗಲಾಡ್ರಿಯಲ್ ಮಾಡುವುದಾದರೂ ಏನು? ನೀರಿನ ಕನ್ನಡಿ ತೋರಿಸುತ್ತಾಳೆ, ಉಡುಗೊರೆ ಹಂಚುತ್ತಾಳೆ. ನಮ್ಮ ದೂರ್ವಾಸರ ಒಂದು ಶಾಪಕ್ಕಿರುವ ಶಕ್ತಿಯೂ ಅವಳಲ್ಲಿ ಕಾಣುವುದಿಲ್ಲ. ಶಕ್ತಿ ತೋರದ ಜ್ಞಾನ ಬರೀ ಅಲಂಕಾರವಲ್ಲವೇ? — ಓದುಗ, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಇಷ್ಟು ನೇರವಾಗಿ ಕೇಳುವ ಓದುಗರು ಈಚೆಗೆ ಅಪರೂಪ ಎನ್ನಿಸಿ ಆಮೇಲೆ ಸಂತೋಷವೂ ಆಯಿತು. ನಿಮ್ಮ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ: ಕಥೆಯಲ್ಲಿ ಜಾದೂ ಇದ್ದ ಮೇಲೆ ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ ತಪ್ಪಲ್ಲ. ಆದರೆ ‘ದಿ ಲಾರ್ಡ್ ಆಫ್ ದ ರಿಂಗ್ಸ್’ನ ಅನುಬಂಧದವರೆಗೆ ನೀವು ಹೋದಂತಿಲ್ಲ. ಗಲಾಡ್ರಿಯಲ್‌ಳ ಕಾಡುನಾಡಾದ ಲೋಥ್ಲೋರಿಯನ್ ಮೇಲೆ ಮೂರು ಬಾರಿ ದಾಳಿಯಾಗುತ್ತದೆ, ಮೂರು ಬಾರಿಯೂ ಶತ್ರು ಸೋತು ಹಿಮ್ಮೆಟ್ಟುತ್ತಾನೆ. ಕೊನೆಗೆ ಆ ಶತ್ರುವಿನ ಡೋಲ್ ಗುಲ್ಡೂರ್ ಕೋಟೆಯ ಗೋಡೆಗಳನ್ನು ಕೆಡವುವವಳು ನೀವು ಹಗುರವಾಗಿ ಕಂಡ ಅದೇ ಗಲಾಡ್ರಿಯಲ್. ಟೋಲ್ಕೀನ್ ಅದನ್ನು ನಾಲ್ಕಾರು ಸಾಲಿನಲ್ಲಿ ಮುಗಿಸಿದರು. ಈಗಿನವರ ಕೈಗೆ ಸಿಕ್ಕಿದ್ದರೆ ಎರಡು ಸಂಪುಟ ಹಿಗ್ಗುತ್ತಿತ್ತು.

ದೂರ್ವಾಸರನ್ನು ಎಳೆತಂದದ್ದಂತೂ ನಿಮಗೇ ತಿರುಗುಬಾಣ. ಅಂಬರೀಷನ ಮೇಲೆ ಮುನಿದು ಕೃತ್ಯೆಯನ್ನು ಬಿಟ್ಟ ಆ ಮುನಿ, ಸುದರ್ಶನ ಚಕ್ರ ಬೆನ್ನು ಹತ್ತಿದಾಗ ಲೋಕಲೋಕ ಓಡಿ, ಕಡೆಗೆ ಅದೇ ಅಂಬರೀಷನ ಕಾಲು ಹಿಡಿದದ್ದನ್ನು ಮರೆತಿರಾ?

ಕನ್ನಡಿಯ ಪ್ರಸಂಗವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಕಥಾನಾಯಕ ಫ್ರೋಡೊ, ದುಷ್ಟ ಸೌರಾನ್ ಲೋಕವನ್ನಾಳಲು ಮಾಡಿಕೊಂಡಿದ್ದ ಮಹಾ ಉಂಗುರವನ್ನು ತಾನಾಗಿಯೇ ಅವಳಿಗೆ ಕೊಡಲು ಮುಂದಾಗುತ್ತಾನೆ. ಅದು ಸಿಕ್ಕರೆ ಏನು ಮಾಡಬಹುದೆಂದು ಅವಳು ವರ್ಷಾನುಗಟ್ಟಲೆ ಯೋಚಿಸಿದವಳು. ಅದನ್ನು ಮುಚ್ಚಿಡುವುದೂ ಇಲ್ಲ. ಆ ಉಂಗುರ ನಾಶವಾದರೆ ತನ್ನ ಬೆರಳಲ್ಲಿರುವ ನೆನ್ಯಾ ಉಂಗುರದ ಬಲವೂ ಹೋಗುತ್ತದೆ, ಅದರಿಂದ ತಾನು ಕಾಪಾಡಿಕೊಂಡು ಬಂದ ಕಾಡು ಬಾಡುತ್ತದೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬೇಡವೆನ್ನುತ್ತಾಳೆ. ಅಷ್ಟೇ ಅಲ್ಲ, ಅದನ್ನು ನಾಶಮಾಡಲು ಹೊರಟವನಿಗೆ ದಾರಿಯ ಬೆಳಕನ್ನೂ ಕೊಟ್ಟು ಕಳಿಸುತ್ತಾಳೆ. ನೀವು ಬರೆದ ಆ ‘ಉಡುಗೊರೆ ಹಂಚುವುದು’ ಇದೇ.

ಇನ್ನು ನೀವು ಕೇಳುವ ಶಕ್ತಿ ಯಾರಲ್ಲಿತ್ತು ನೋಡಿ. 1977ರಲ್ಲಿ, ಟೋಲ್ಕೀನ್ ತೀರಿಕೊಂಡ ಮೇಲೆ ಮಗ ಕ್ರಿಸ್ಟೋಫರ್ ಸಂಪಾದಿಸಿ ಹೊರತಂದ ‘ದಿ ಸಿಲ್ಮರಿಲಿಯನ್’ನಲ್ಲಿ ಫೆಯನೋರ್ ಬರುತ್ತಾನೆ. ಕೈಚಳಕದಲ್ಲಿ, ಬುದ್ಧಿಯಲ್ಲಿ ಅವನನ್ನು ಮೀರಿಸುವ ಎಲ್ಫ್ ಇಲ್ಲ. ಸೂರ್ಯಚಂದ್ರರಿಗೂ ಮುಂಚೆ ಬೆಳಗುತ್ತಿದ್ದ ಎರಡು ಮಹಾವೃಕ್ಷಗಳ ಬೆಳಕನ್ನೇ ರತ್ನಗಳಲ್ಲಿ ಹಿಡಿದಿಟ್ಟವನು. ಮಾಡಿದ್ದೇನು? ಆ ರತ್ನಗಳಿಗಾಗಿ ಏಳು ಮಕ್ಕಳೊಂದಿಗೆ ಘೋರ ಪ್ರತಿಜ್ಞೆ ಮಾಡಿದ, ಹಡಗುಗಳಿಗಾಗಿ ಸ್ವಂತ ಕುಲದವರ ರಕ್ತ ಹರಿಸಿದ, ದಡ ಸೇರಿದ ಮೇಲೆ ಅದೇ ಹಡಗುಗಳನ್ನು ಸುಟ್ಟ. ಅವನ ಮೊಮ್ಮಗ ಕೆಲೆಬ್ರಿಂಬೋರ್ ಕೂಡ ಮಹಾಶಿಲ್ಪಿ. ಸೌರಾನ್ ಚೆಲುವ ವೇಷ ತೊಟ್ಟು, ವಿದ್ಯೆ ಕಲಿಸುತ್ತೇನೆಂದು ಬಂದಾಗ ಎಲ್ಫ್ ರಾಜ ಗಿಲ್-ಗಲಾಡ್ ಮತ್ತು ಅವನ ಜೊತೆಗಿದ್ದ ಎಲ್ರಾಂಡ್ ಅವನು ಯಾರೆಂದು ತಿಳಿಯದಿದ್ದರೂ ನಂಬದೆ ಗಡಿಯಿಂದಲೇ ಹಿಂದಕ್ಕೆ ಕಳಿಸಿದರು. ಬಾಗಿಲು ತೆರೆದವರು ಕೆಲೆಬ್ರಿಂಬೋರ್‌ನ ನಾಡಾದ ಎರೆಗಿಯನ್‌ನ ನುರಿತ ಕುಶಲಕರ್ಮಿಗಳು. ಇನ್ನಷ್ಟು ವಿದ್ಯೆ ಬೇಕೆಂಬ ಹಸಿವು ಇದ್ದದ್ದು ಅವರಿಗೇ ತಾನೆ!

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದವರು ಈ ವಿಷಯದಲ್ಲಿ ನಮ್ಮ ಲೇಖಕರಿಗಿಂತ ಪ್ರಾಮಾಣಿಕರು. ಆಡುವವರು ತೊಡುವ ಪ್ರತಿ ಪಾತ್ರಕ್ಕೂ ಅಲ್ಲಿ ಬುದ್ಧಿಗೆ ಬೇರೆ ಅಂಕ, ವಿವೇಕಕ್ಕೆ ಬೇರೆ ಅಂಕ. 2014ರ ಆವೃತ್ತಿಯಲ್ಲಿ ಮಂತ್ರ ಬಲ್ಲ ಹೈ ಎಲ್ಫ್‌ಗೆ ಹೆಚ್ಚುವರಿ ಅಂಕ ಸಿಗುವುದು ಬುದ್ಧಿಯಲ್ಲಿ, ಕಾಡಿನ ಎಲ್ಫ್‌ಗೆ ವಿವೇಕದಲ್ಲಿ. ಅಂಕ ಕೊಟ್ಟು ವಿವೇಕವನ್ನು ಅಳೆಯುವುದು ನನಗೆ ಒಗ್ಗದ ಮಾತು, ಅದಿರಲಿ.

ನನ್ನ ಮೇಜಿನ ಮೇಲೆ ಬಂದು ಬೀಳುವ ಹಸ್ತಪ್ರತಿಗಳ ಪಾಡನ್ನು ಕೇಳಿ. ಮೊದಲು ನಕ್ಷೆ, ಆಮೇಲೆ ಮಂತ್ರಗಳ ಪಟ್ಟಿ, ಆಮೇಲೆ ಬೆಂಕಿಯುಂಡೆ. ಮೂರು ಸಾವಿರ ವರ್ಷ ಬದುಕಿದ ಎಲ್ಫ್ ರಾಜ ಪಿಯುಸಿ ಹುಡುಗನಂತೆ ಮುನಿಸಿಕೊಳ್ಳುತ್ತಾನೆ, ಪ್ರೇಮಪತ್ರ ಬರೆಯುತ್ತಾನೆ. ಇಷ್ಟು ವರ್ಷಗಳಲ್ಲಿ ಅವನು ಏನನ್ನು ಕಳೆದುಕೊಂಡ, ಯಾರನ್ನು ಮಣ್ಣು ಮಾಡಿದ, ಯಾವ ಆಸೆ ಕೈಬಿಟ್ಟ ಎಂದು ಬರೆದವರು ಒಂದು ಗಳಿಗೆಯೂ ಯೋಚಿಸಿರುವುದಿಲ್ಲ. ಕಿವಿ ಮಾತ್ರ ಚೂಪಾಗಿರುತ್ತದೆ. ಹೀಗೆಂದು ಹೇಳಿದರೆ ‘ಈ ಕಾಲದ ಓದುಗರಿಗೆ ವೇಗ ಬೇಕು ಸಾರ್’ ಎಂಬ ಪಾಠ ನನಗೇ ಸಿಗುತ್ತದೆ. ಈ ಕಾಲದ ಓದುಗರ ಹೆಸರಿನಲ್ಲಿ ಎಷ್ಟು ಸೋಮಾರಿತನ ಅಚ್ಚಾಗುತ್ತಿದೆಯೋ!

ನೀವೂ ಎಲ್ಫ್‌ಗಳ ಕಾದಂಬರಿಯೊಂದನ್ನು ಬರೆಯುತ್ತಿದ್ದೀರೆಂದು ಪತ್ರದ ಹಿಂಬದಿಯಲ್ಲಿ ಸಣ್ಣದಾಗಿ ಬರೆದಿದ್ದೀರಿ. ಮುಗಿದ ಮೇಲೆ ಖಂಡಿತ ಕಳುಹಿಸಿ. ನಕ್ಷೆ ಮಾತ್ರ ಬೇಡ.