ಯಾಶಿಕಾ ಕೊಳ್ಳುವ ಮುಂಚೆ ಒಂದು ಸೆಕೆಂಡು ಕಿವಿಗೊಡಿ

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ ನನಗೆ. ಎರಡು ವರ್ಷದಿಂದ 35 ಎಂಎಂ ಫಿಲಂ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಈಗ ಅದಕ್ಕಿಂತ ದೊಡ್ಡ ನೆಗೆಟಿವ್ ಬರುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಕೊಳ್ಳುವ ಆಸೆ ಬಂದಿದೆ. ಕೈಯಲ್ಲಿ ಮೂವತ್ತು ಸಾವಿರ ಇದೆ. ಹ್ಯಾಸೆಲ್‌ಬ್ಲಾಡ್ ಅಂತೂ ಆಗುವ ಮಾತಲ್ಲ. ಯಾಶಿಕಾ, ರೋಲೈಕಾರ್ಡ್, ಲುಬಿಟೆಲ್, ಬ್ರೋನಿಕಾ ಅಂತ ಹೆಸರು ಕೇಳಿ ಕೇಳಿ ತಲೆ ಕೆಟ್ಟಿದೆ. ಊರಲ್ಲಿ ಅಜ್ಜಿ ಇದ್ದಾರೆ. ಅವರನ್ನು, ಹಳೇ ಮನೆಯನ್ನು, ಸಂತೆಯನ್ನು ತೆಗೆಯಬೇಕು ಅಂತಿದ್ದೇನೆ. ಯಾವುದು ತಗೊಳ್ಳಲಿ?

ಉತ್ತರ: ಮೊದಲು ಒಂದು ಮಾತು. ಮೂವತ್ತು ಸಾವಿರವನ್ನೂ ಕ್ಯಾಮೆರಾಗೇ ಸುರಿಯಬೇಡಿ. ಇಪ್ಪತ್ತರೊಳಗೆ ಕ್ಯಾಮೆರಾ ಮುಗಿಸಿ. ಉಳಿದ ಹತ್ತನ್ನು ರೋಲ್‌ಗೆ ಅಂತ ಬೇರೆ ಎತ್ತಿಡಿ. ಒಂದು ಕಪ್ಪು-ಬಿಳುಪು ರೋಲ್‌ಗೆ ಸಾವಿರ, ತೊಳೆಸಿ ಸ್ಕ್ಯಾನ್ ಮಾಡಿಸಲು ಐನೂರು ಎಂದಿಟ್ಟುಕೊಳ್ಳಿ. ಚೌಕ ಫೋಟೋ ತೆಗೆಯುವ ಕ್ಯಾಮೆರಾದಲ್ಲಿ ಒಂದು ರೋಲ್‌ಗೆ 12 ಫೋಟೋ. ಒಂದು ಸಲ ಗುಂಡಿ ಒತ್ತಿದರೆ 125 ರೂಪಾಯಿ. ಕ್ಯಾಮೆರಾ ತಂದು, ರೋಲ್ ಹಾಕಲು ದುಡ್ಡಿಲ್ಲದೆ ಶೋಕೇಸ್‌ನಲ್ಲಿ ಇಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಯಾವುದು ಅನ್ನುವ ಪ್ರಶ್ನೆ. ನಿಮಗೆ ನಾನು ಹೇಳುವುದು ಯಾಶಿಕಾದ ಎರಡು ಲೆನ್ಸಿನ ಕ್ಯಾಮೆರಾ. ಮೇಲಿನ ಲೆನ್ಸ್ ನೋಡುವುದಕ್ಕೆ, ಕೆಳಗಿನದು ಫೋಟೋ ತೆಗೆಯುವುದಕ್ಕೆ. ಯಾಶಿಕಾ ಡಿ ಸಿಕ್ಕರೆ ಡಿ, ಯಾಶಿಕಾ-ಮ್ಯಾಟ್ ಸಿಕ್ಕರೆ ಮ್ಯಾಟ್.

ನಮ್ಮಪ್ಪನದು ತಿಪಟೂರಿನಲ್ಲಿ ಸ್ಟುಡಿಯೋ. ನಾನು ಹೈಸ್ಕೂಲಿನಲ್ಲಿ ಇರುವಾಗಲೇ ಡಾರ್ಕ್ ರೂಮಿನಲ್ಲಿ ಕೂತು ನೆಗೆಟಿವ್ ಟಚಪ್ ಮಾಡುತ್ತಿದ್ದೆ. ಪೆನ್ಸಿಲ್ ಮೊನೆಯನ್ನು ಸೂಜಿಯಷ್ಟು ಚೂಪು ಮಾಡಿಕೊಂಡು, ಮದುಮಗಳ ಕೆನ್ನೆಯ ಮೊಡವೆಯನ್ನು ನೆಗೆಟಿವ್ ಮೇಲೇ ಮುಚ್ಚುವುದು. 35 ಎಂಎಂನಲ್ಲಿ ಈ ಕೆಲಸ ಆಗುವುದೇ ಇಲ್ಲ. ಅದರ ನೆಗೆಟಿವ್ 24ಕ್ಕೆ 36 ಮಿಲಿಮೀಟರ್. ಚೌಕದ ನೆಗೆಟಿವ್ 56ಕ್ಕೆ 56. ಲೆಕ್ಕ ಹಾಕಿ, ಮೂರೂವರೆ ಪಟ್ಟಿಗಿಂತ ಜಾಸ್ತಿ ಜಾಗ. ನಿಮ್ಮ ಅಜ್ಜಿಯ ಮುಖದ ಒಂದೊಂದು ಗೆರೆಯೂ ಅಲ್ಲಿ ಕೂರುತ್ತದೆ. ಮೀಡಿಯಂ ಫಾರ್ಮ್ಯಾಟ್ ಬೇಕು ಅನ್ನುವುದು ಇದಕ್ಕೇ ಅಲ್ವಾ?

ಅಪ್ಪನ ಕೈಯಲ್ಲಿ ಇದ್ದದ್ದು ಯಾಶಿಕಾ-ಮ್ಯಾಟ್ 124ಜಿ. ಒಂದು ಮದುವೆಗೆ ಎರಡು ರೋಲ್, 24 ಫೋಟೋ. ಧಾರೆಗೆ ಎರಡು, ತಾಳಿಗೆ ಒಂದು, ಗ್ರೂಪಿಗೆ ಆರು ಅಂತ ಹಿಂದಿನ ರಾತ್ರಿಯೇ ಬೆರಳು ಮಡಚಿ ಎಣಿಸುತ್ತಿದ್ದರು. ಈ ಕ್ಯಾಮೆರಾದಲ್ಲಿ ಶಟರ್ ಲೆನ್ಸಿನ ಒಳಗೇ ಇರುತ್ತದೆ. ಹಾಗಾಗಿ ಯಾವ ಸ್ಪೀಡಿನಲ್ಲಿ ಬೇಕಾದರೂ ಫ್ಲ್ಯಾಶ್ ಸರಿಯಾಗಿ ಬೀಳುತ್ತದೆ. ಮದುವೆ ಫೋಟೋದವರು ಇದನ್ನು ಅಷ್ಟು ನೆಚ್ಚಿಕೊಂಡಿದ್ದಕ್ಕೆ ಅದೂ ಒಂದು ಕಾರಣ.

ನಿಮಗೆ ಮುಖ್ಯವಾದದ್ದು ಇನ್ನೊಂದು. ಇದನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಎಡಬಲ ತಿರುಗುಮುರುಗಾಗಿ ಕಾಣುತ್ತದೆ, ಒಂದು ವಾರದಲ್ಲಿ ರೂಢಿಯಾಗುತ್ತದೆ. ಎದುರು ಕೂತವರಿಗೆ ಮಾತ್ರ ನೀವು ದುರುಗುಟ್ಟಿ ನೋಡಿದ ಹಾಗೆ ಆಗುವುದಿಲ್ಲ. ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡರೆ ಸೆರಗು ಎಳೆದುಕೊಳ್ಳುವ ಅಜ್ಜಿಯರು ಅಪ್ಪನ ಮುಂದೆ ಆರಾಮಾಗಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿರುತ್ತಿದ್ದರು.

ಡಿಗೂ 124ಜಿಗೂ ಏನು ವ್ಯತ್ಯಾಸ? ಡಿಯಲ್ಲಿ ಫಿಲಂ ಸುತ್ತಲು ಉರುಟು ಗುಂಡಿ, ಮ್ಯಾಟ್‌ನಲ್ಲಿ ಹಿಡಿಕೆ. ಮ್ಯಾಟ್‌ನಲ್ಲಿ ಹಿಡಿಕೆ ತಿರುಗಿಸಿದರೆ ಶಟರೂ ತಾನಾಗೇ ಸಿದ್ಧವಾಗುತ್ತದೆ, ಡಿಯಲ್ಲಿ ಅದನ್ನು ಕೈಯಿಂದ ಎಳೆಯಬೇಕು. ಹಳೆಯ ಡಿಗಳಲ್ಲಿ ಮೂರು ಗಾಜಿನ ಯಾಶಿಕಾರ್ ಲೆನ್ಸ್, 124ಜಿಯಲ್ಲಿ ನಾಲ್ಕು ಗಾಜಿನ ಯಾಶಿನಾನ್. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, 8ಕ್ಕೋ 11ಕ್ಕೋ ಇಟ್ಟರೆ ಎರಡರ ಫೋಟೋ ಪಕ್ಕ ಪಕ್ಕ ಇಟ್ಟು ಯಾವುದು ಯಾವುದರದು ಹೇಳಿ ಅಂದರೆ ನನಗೂ ಕಷ್ಟ. 124ಜಿಯಲ್ಲಿ ಬೆಳಕು ಅಳೆಯುವ ಲೈಟ್ ಮೀಟರ್ ಇದೆ, ಅದಕ್ಕೇ ಬೆಲೆ ಜಾಸ್ತಿ. ಆ ಮೀಟರಿಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಅದಕ್ಕೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಬದಲಿ ಸೆಲ್ ಹಾಕಿದರೂ ಇಷ್ಟು ವರ್ಷದ ಮೀಟರಿನ ಮಾತು ನಂಬುವ ಹಾಗಿಲ್ಲ. ಮೊಬೈಲಿನಲ್ಲಿ ಮೀಟರ್ ಆಪ್ ಇದೆ, ಸಾಕು. ಬಿಸಿಲಿದ್ದರೆ ಅದೂ ಬೇಡ. 400ರ ಫಿಲಂಗೆ (ಫಿಲಂ ಡಬ್ಬಿಯ ಮೇಲಿನ ಸ್ಪೀಡ್ ನಂಬರ್) 16ರ ಅಪರ್ಚರ್, ಶಟರ್ ಸೆಕೆಂಡಿನ 500ರಲ್ಲಿ ಒಂದು ಭಾಗ. ಅಪ್ಪ ಅಂಗಳದ ನೆರಳು ನೋಡಿಯೇ ಹೇಳುತ್ತಿದ್ದರು.

ರೋಲೈಕಾರ್ಡ್ ಒಳ್ಳೆಯದೇ, ಜರ್ಮನಿಯ ಗಟ್ಟಿ ಕೆಲಸ. ಒಳ್ಳೆ ಸ್ಥಿತಿಯದು ಇದೇ ಬೆಲೆಗೆ ಸಿಕ್ಕರೆ ಖಂಡಿತ ತಗೊಳ್ಳಿ. ಲುಬಿಟೆಲ್ ಅಗ್ಗ, ಹಗುರ, ಪ್ಲಾಸ್ಟಿಕ್ಕು. ಆದರೆ ಅದರ ಗಾಜಿನಲ್ಲಿ ಫೋಕಸ್ ಕಾಣಲು ಹೆಣಗಬೇಕು. ಬ್ರೋನಿಕಾ ಈಗಲೇ ಬೇಡ. ಅದಕ್ಕೆ ಬ್ಯಾಕು (ಫಿಲಂ ಕೂರುವ ಹಿಂಬದಿಯ ಪೆಟ್ಟಿಗೆ), ಫೈಂಡರು, ಲೆನ್ಸು ಅಂತ ಒಂದೊಂದೇ ಖರ್ಚು ಸೇರುತ್ತಾ ಹೋಗುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಯಾವ ಹೆಸರಿನ ಕ್ಯಾಮೆರಾ ಅನ್ನುವುದಕ್ಕಿಂತ, ನಿಮ್ಮ ಕೈಗೆ ಬಂದ ಆ ಒಂದು ಕ್ಯಾಮೆರಾ ಹೇಗಿದೆ ಅನ್ನುವುದೇ ದೊಡ್ಡದು. 124ಜಿ ತಯಾರಿಕೆ 1986ರಲ್ಲೇ ನಿಂತಿತು. ಡಿ ಅದಕ್ಕಿಂತ ಹಳೆಯದು. ಯಾವುದೇ ಸಿಕ್ಕರೂ ಅದಕ್ಕೆ ನಿಮಗಿಂತ ಜಾಸ್ತಿ ವಯಸ್ಸಾಗಿರಬಹುದು.

2004ರಲ್ಲಿ ಸ್ಟುಡಿಯೋ ಮುಚ್ಚಿದಾಗ ಅಪ್ಪನ ಯಾಶಿಕಾ ಕೈಬಿಟ್ಟು ಹೋಯಿತು. ಹನ್ನೆರಡು ವರ್ಷದ ಮೇಲೆ ನಾನು ಅದೇ ಮಾಡೆಲ್ ಹುಡುಕಿ ಇನ್ನೊಂದನ್ನು ಕೊಂಡೆ. ಚರ್ಮ ಹೊಳೆಯುತ್ತಿತ್ತು, ಗೀರು ಇರಲಿಲ್ಲ. ಮಾರಿದವರು ಎಲ್ಲ ಸರಿ ಇದೆ ಅಂದರು, ನಂಬಿದೆ. ಸೀದಾ ಸೋದರತ್ತೆಯ ಮನೆಗೆ ಹೋದೆ. ಅವರಿಗೆ 88. ಜಗಲಿಯಲ್ಲಿ ಬಾಗಿಲ ಮುಂದೆ ಕೂರಿಸಿ 12 ಫೋಟೋ ತೆಗೆದೆ. ತೊಳೆದು ನೋಡಿದರೆ ಹನ್ನೆರಡರಲ್ಲೂ ಅತ್ತೆಯ ಮುಖ ಮಂಜು ಮಂಜು. ಹಿಂದಿನ ಬಾಗಿಲ ಚಿಲಕ ಮಾತ್ರ ಮೊಳೆಯ ತಲೆ ಸಮೇತ ಚೂಪಾಗಿ ಬಂದಿದೆ. ಹಿಂದೆ ಯಾರೋ ಬಿಚ್ಚಿ, ನೋಡುವ ಲೆನ್ಸನ್ನು ತಪ್ಪು ಅಳತೆಗೆ ಕೂರಿಸಿದ್ದರು. ನಾನು ನೋಡಿದ ಫೋಕಸ್ಸೇ ಬೇರೆ, ಫಿಲಂ ಮೇಲೆ ಬಿದ್ದದ್ದೇ ಬೇರೆ. ಆ ದೀಪಾವಳಿಗೆ ಅತ್ತೆ ಹೋದರು. ಆ ನೆಗೆಟಿವ್ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ನಿಮಗೆ ಹಾಗಾಗಬಾರದು. ದಯವಿಟ್ಟು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ಬೆಂಗಳೂರಿಗೆ ಬಸ್ ಚಾರ್ಜ್ ಆದರೂ ಆಗಲಿ. ಹೋಗುವಾಗ ಒಂದು ಟಾರ್ಚು, ಒಂದು ಚೂರು ಟ್ರೇಸಿಂಗ್ ಪೇಪರ್, ಒಂದು ಹಾಳಾದ 120 ರೋಲ್ (ಈ ಕ್ಯಾಮೆರಾಗಳಿಗೆ ಹಾಕುವ ಅಗಲದ ಫಿಲಂ), ಒಂದು ಖಾಲಿ ಸ್ಪೂಲ್ ಜೇಬಿನಲ್ಲಿ ಇರಲಿ.

ಮೊದಲು ಕಿವಿಗೆ ಕೆಲಸ. ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ. ಒಳಗೆ ಸಣ್ಣ ಹಲ್ಲುಗಾಲಿ ಓಡುವ ಸದ್ದು ಬರುತ್ತದೆ, ಜರ್ರ್ ಅಂತ ಒಂದೇ ಸಮ. ಮನಸ್ಸಿನಲ್ಲಿ 'ಸಾವಿರದ ಒಂದು' ಅಂತ ನಿಧಾನವಾಗಿ ಹೇಳಿ ಮುಗಿಸುವುದಕ್ಕೂ ಅದು ಮುಚ್ಚುವುದಕ್ಕೂ ಸರಿಹೋಗಬೇಕು. ಮಧ್ಯೆ ಸದ್ದು ಕುಂಟಿದರೆ, ಅಥವಾ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟರೆ, ಒಳಗಿನ ಎಣ್ಣೆ ಅಂಟಾಗಿದೆ ಅಂತ ಅರ್ಥ. ರಿಪೇರಿ ಆಗುತ್ತದೆ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. 500ರ ಸ್ಪೀಡನ್ನು ಹಿಡಿಕೆ ತಿರುಗಿಸುವ ಮುಂಚೆಯೇ ಇಟ್ಟುಕೊಳ್ಳಿ, ಆಮೇಲೆ ಬಲವಂತ ಮಾಡಬೇಡಿ. ಸೆಲ್ಫ್ ಟೈಮರ್ ಮುಟ್ಟಲೇ ಬೇಡಿ. ಹಳೇ ಶಟರುಗಳು ಅಲ್ಲಿಯೇ ಸಿಕ್ಕಿಹಾಕಿಕೊಳ್ಳುವುದು.

ಆಮೇಲೆ ಶಟರನ್ನು ಬಿ ಮೇಲೆ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುತ್ತದೆ) ಇಟ್ಟು, ಹಿಂಬಾಗಿಲು ತೆಗೆದು, ಟಾರ್ಚ್ ಬಿಟ್ಟು ಕೆಳಗಿನ ಲೆನ್ಸ್ ಒಳಗೆ ನೋಡಿ. ಫೋಟೋ ತೆಗೆಯುವುದು ಅದೇ. ಜೇಡರ ಬಲೆಯ ಎಳೆಗಳ ಹಾಗೆ ಕಂಡರೆ ಫಂಗಸ್, ಅಂದರೆ ಬೂಷ್ಟು. ಮಲೆನಾಡು, ಕರಾವಳಿಯ ಕಡೆ ಬೀರುವಿನಲ್ಲಿ ಇಟ್ಟ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿಂತೆಯಿಲ್ಲ. ನಡುಮಧ್ಯೆ ಹರಡಿದ್ದರೆ ಬಿಟ್ಟು ಬನ್ನಿ.

ಇನ್ನೊಂದು, ನಾನು ಮಾಡದೆ ಕೆಟ್ಟ ಪರೀಕ್ಷೆ. ಫಿಲಂ ಕೂರುವ ಜಾಗದಲ್ಲಿ ಟ್ರೇಸಿಂಗ್ ಪೇಪರನ್ನು ಎಳೆದು ಬಿಗಿಯಾಗಿ ಅಂಟಿಸಿ. ಕ್ಯಾಮೆರಾವನ್ನು ಅಲ್ಲಾಡದ ಹಾಗೆ ಟೇಬಲ್ ಮೇಲೆ ಇಡಿ. ಒಂದೂವರೆ ಮೀಟರ್ ದೂರದಲ್ಲಿ ಉರಿಯುವ ಬಲ್ಬೋ ಮೇಣದ ಬತ್ತಿಯೋ ಇರಲಿ. ಅಪರ್ಚರ್ ಪೂರ್ತಿ ತೆರೆದು, ಶಟರನ್ನು ಬಿಯಲ್ಲಿ ಒತ್ತಿ ಹಿಡಿಯಿರಿ. ಕಾಗದದ ಮೇಲೆ ಬತ್ತಿ ತಲೆಕೆಳಗಾಗಿ ಮೂಡುತ್ತದೆ. ಮೇಲಿನ ಗಾಜಿನಲ್ಲಿ ಬತ್ತಿ ಚೂಪಾದಾಗ ಕೆಳಗಿನ ಕಾಗದದಲ್ಲೂ ಚೂಪಾಗಿರಬೇಕು. ಎರಡೂ ಒಂದಾದರೆ ಸರಿ. ಮಾರುವವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಇದೊಂದನ್ನು ಬಿಡಬೇಡಿ.

ಕೊನೆಗೆ ಹಾಳಾದ ರೋಲನ್ನು ಹಾಕಿ ಹನ್ನೆರಡರವರೆಗೂ ಸುತ್ತಿ. ಪ್ರತಿ ಸಲ ಶಟರ್ ಒತ್ತಿ ಸುತ್ತಿದಾಗ ಮುಂದಿನ ನಂಬರಿಗೆ ಬಂದು ನಿಲ್ಲಬೇಕು. ನಿಲ್ಲದೆ ಹೋದರೆ ಒಳಗಿನ ಗಾಲಿ ಸವೆದಿರಬಹುದು.

ಪ್ರಶ್ನೆ: ಮಾಮಿಯಾ ಆರ್‌ಬಿ67 ಕಡಿಮೆಗೆ ಸಿಗುತ್ತಿದೆ. ಎಲ್ಲರೂ ಹೊಗಳುತ್ತಾರೆ. ತಗೊಂಡು ಬೆಟ್ಟ ಹತ್ತಿ ಫೋಟೋ ತೆಗೆಯುವ ಯೋಚನೆ. ಸರಿಯೇ? (ಒಬ್ಬ ಓದುಗರು, ಚಿಕ್ಕಮಗಳೂರು)

ಉತ್ತರ: ಹೊಗಳುವುದು ಸರಿ, ಹೊರುವುದು ನೀವು. ಲೆನ್ಸು, ಬ್ಯಾಕು ಸೇರಿ ಎರಡೂವರೆ ಕಿಲೋ ದಾಟುತ್ತದೆ. ಅದರ ಜೊತೆ ಟ್ರೈಪಾಡ್. ಒಂದು ರೋಲ್‌ಗೆ 10 ಫೋಟೋ. 1970ರಲ್ಲಿ ಬಂದಾಗಿನಿಂದ ಅದು ಸ್ಟುಡಿಯೋ ಕ್ಯಾಮೆರಾ. ಒಂದು ಕಡೆ ನಿಲ್ಲಿಸಿಕೊಂಡು ಮುಖಚಿತ್ರ ತೆಗೆಯುವವರಿಗೆ ಅದಕ್ಕಿಂತ ಒಳ್ಳೆಯದನ್ನು ಈ ಬೆಲೆಗೆ ನಾನು ಹೇಳಲಾರೆ. ಬ್ಯಾಕನ್ನೇ ತಿರುಗಿಸಿ ಅಡ್ಡ, ಉದ್ದ ಮಾಡಬಹುದು, ಅದು ದೊಡ್ಡ ಅನುಕೂಲ. ಬೆಟ್ಟಕ್ಕೆ ಬೇಡ. ಮುಳ್ಳಯ್ಯನಗಿರಿ ಹತ್ತುವವರಿಗೆ ಮಡಚುವ ಕ್ಯಾಮೆರಾ ಒಳ್ಳೆಯದು. ಜೈಸ್ ಇಕಾನ್ ನೆಟ್ಟಾರ್ ಮುಚ್ಚಿದರೆ ಕೋಟಿನ ಜೇಬಿಗೆ ಹೋಗುತ್ತದೆ. ಕೊಳ್ಳುವಾಗ ಕತ್ತಲ ಕೋಣೆಯಲ್ಲಿ ಅದರ ತಿದಿಯೊಳಗೆ ಟಾರ್ಚ್ ಬಿಟ್ಟು, ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ತೂರುತ್ತದಾ ನೋಡಿ.

ಪ್ರಶ್ನೆ: ನಮ್ಮೂರಲ್ಲಿ ಫಿಲಂ ತೊಳೆಯುವವರು ಯಾರೂ ಇಲ್ಲ. ಮನೆಯಲ್ಲಿ ಮಾಡಬಹುದೇ? (ಒಬ್ಬ ಓದುಗರು, ಕಲಬುರಗಿ)

ಉತ್ತರ: ಕಪ್ಪು-ಬಿಳುಪು ಆದರೆ ಖಂಡಿತ ಮಾಡಿ. ಕತ್ತಲ ಚೀಲ, ಡೆವಲಪಿಂಗ್ ಟ್ಯಾಂಕ್, ಡೆವಲಪರ್, ಹೈಪೋ (ಫಿಕ್ಸರ್), ಒಂದು ಥರ್ಮಾಮೀಟರ್. ಇಷ್ಟೇ. ಇಲ್ಫೋರ್ಡ್ ಎಚ್‌ಪಿ5 ಫಿಲಂಗೆ ಡಿ-76 ಡೆವಲಪರನ್ನು ನೀರು ಬೆರೆಸದೆ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ನಿಮ್ಮ ಕಷ್ಟ ಆ 20 ಡಿಗ್ರಿ. ಏಪ್ರಿಲ್‌ನಲ್ಲಿ ನಿಮ್ಮ ನಲ್ಲಿ ನೀರಿನಲ್ಲೇ ಸ್ನಾನ ಮಾಡಬಹುದು. ಬೇಸಿನ್‌ನಲ್ಲಿ ನೀರು, ಐಸ್ ಹಾಕಿ ಬಾಟಲಿಗಳನ್ನು ಅರ್ಧ ಗಂಟೆ ಕೂರಿಸಿ. ತೊಳೆಯುವ ನೀರನ್ನೂ ಹಿಂದಿನ ರಾತ್ರಿ ಮಡಕೆಯಲ್ಲಿ ತುಂಬಿಡಿ. ಟ್ಯಾಂಕ್ ಕೊಳ್ಳುವಾಗ 120 ಫಿಲಂ ಹಿಡಿಯುವ ರೀಲ್ ಇದೆಯಾ ಕೇಳಿ. 35ರ ರೀಲಿನಲ್ಲಿ ಇದು ಕೂರುವುದಿಲ್ಲ. ಫಿಲಂ ಸುರುಳಿ ಸುತ್ತುವುದನ್ನು ಹಾಳಾದ ರೋಲಿನಲ್ಲಿ ಕಣ್ಣು ಮುಚ್ಚಿಕೊಂಡು ಇಪ್ಪತ್ತು ಸಲ ಅಭ್ಯಾಸ ಮಾಡಿ.

ಪ್ರಶ್ನೆ: ಅಮ್ಮಾ, ಅಟ್ಟದ ಮೇಲೆ ತಾತನ ಅಗ್ಫಾ ಕ್ಲಿಕ್ 3 ಸಿಕ್ಕಿತು. ಇದಕ್ಕೆ ಈಗ ಫಿಲಂ ಸಿಗುತ್ತಾ? ನಾನು ಪಿಯುಸಿ ಓದುತ್ತಿದ್ದೇನೆ, ಬೇರೆ ಕೊಳ್ಳಲು ದುಡ್ಡಿಲ್ಲ. (ಒಬ್ಬ ವಿದ್ಯಾರ್ಥಿನಿ, ಸಾಗರ)

ಉತ್ತರ: ಸಿಗುತ್ತಮ್ಮಾ! ಅದೂ ಮೀಡಿಯಂ ಫಾರ್ಮ್ಯಾಟೇ. ಈ ಪುಟಕ್ಕೆ ಬರೆದವರಲ್ಲೆಲ್ಲ ಅತಿ ಕಡಿಮೆ ಖರ್ಚಿನ ಕ್ಯಾಮೆರಾ ನಿನ್ನ ಹತ್ತಿರವೇ ಇದೆ. 1901ರಲ್ಲಿ ಕೊಡಾಕ್ ತಂದ 120 ರೋಲೇ ಇವತ್ತಿಗೂ ಅದಕ್ಕೆ ಹೊಂದುತ್ತದೆ. ಹಳೇ ಆಲ್ಬಂಗಳಲ್ಲಿ ಬಿಳಿ ಅಂಚಿನ ಚಿಕ್ಕ ಚೌಕ ಫೋಟೋಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಇಂಥ ಕ್ಯಾಮೆರಾದ ನೆಗೆಟಿವ್ ಅನ್ನು ಕಾಗದದ ಮೇಲೆ ಹಾಗೇ ಇಟ್ಟು ತೆಗೆದವು.

100ರ ಫಿಲಂ ಹಾಕು. ಬಿಸಿಲು ಚೆನ್ನಾಗಿದ್ದಾಗ ತೆಗಿ, ಮಳೆಗಾಲದ ಮಬ್ಬಿನಲ್ಲಿ ಬೇಡ. ಎರಡು ಮೊಣಕೈಯನ್ನೂ ಪಕ್ಕೆಗೆ ಒತ್ತಿಕೊಂಡು, ಉಸಿರು ಹಿಡಿದು ಒತ್ತು. ಶಟರ್ ನಿಧಾನ, ಕೈ ಅಲುಗಿದರೆ ಫೋಟೋನೂ ಅಲುಗುತ್ತದೆ. ಹಿಂದೆ ಕೆಂಪು ಕಿಟಕಿ ಇದೆಯಲ್ಲ, ಅದರಲ್ಲಿ ನಂಬರ್ ನೋಡಿಕೊಂಡು ಸುತ್ತಬೇಕು. ಈಗಿನ ಫಿಲಂಗಳಿಗೆ ಕೆಂಪು ಬೆಳಕೂ ತಾಗುತ್ತದೆ. ಅದಕ್ಕೇ ಕಿಟಕಿ ಮೇಲೆ ಕಪ್ಪು ಟೇಪ್ ಅಂಟಿಸು. ಸುತ್ತುವಾಗ ಮಾತ್ರ ನೆರಳಿನಲ್ಲಿ ನಿಂತು ಎತ್ತು. ಹನ್ನೆರಡು ಮುಗಿದ ಮೇಲೆ ಕಾಗದ ಪೂರ್ತಿ ಬರುವವರೆಗೂ ಸುತ್ತಿ, ಬಿಗಿಯಾಗಿ ಹಿಡಿದು ತೆಗಿ. ತುದಿಯಲ್ಲಿ ಅಂಟಿನ ಪಟ್ಟಿ ಇರುತ್ತದೆ. ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸು. ಖಾಲಿಯಾದ ಸ್ಪೂಲನ್ನು ಎಸೆಯಬೇಡ. ಮುಂದಿನ ರೋಲ್ ಸುತ್ತಿಕೊಳ್ಳುವುದು ಅದಕ್ಕೇ.