ಫಾರಂ ಲೈಬ್ರರಿಯ ಸಣ್ಣ ಫಂಕ್ಷನ್‌ಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಸಹಕಾರ ಸಂಘಗಳಿಗೂ ಶಾಲೆಗಳಿಗೂ ಆನ್‌ಲೈನ್ ಅರ್ಜಿ ನಮೂನೆಗಳನ್ನು ಮಾಡಿಕೊಡುವ ಸಣ್ಣ ಸಂಸ್ಥೆ ನಮ್ಮದು. ರಿಯಾಕ್ಟ್‌ಗೆ (ವೆಬ್ ಪರದೆಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಹೊಂದುವಂಥ ನಮ್ಮದೇ ಫಾರಂ ಲೈಬ್ರರಿಯೊಂದನ್ನು ಕಟ್ಟುತ್ತಿದ್ದೇವೆ. ಅದರ ಸಣ್ಣ ಸಹಾಯಕ ಫಂಕ್ಷನ್‌ಗಳಿರುವ ಯುಟಿಲ್ಸ್ ಫೈಲ್ ದಿನೇ ದಿನೇ ಬೆಳೆಯುತ್ತಿದೆ. ಅದರಲ್ಲಿ ಇರಲೇಬೇಕಾದ ಫಂಕ್ಷನ್‌ಗಳು ಯಾವುವು? ಎಲ್ಲಕ್ಕೂ ಲೋಡ್ಯಾಶ್ ಎಂಬ ಸಿದ್ಧ ಫಂಕ್ಷನ್‌ಗಳ ಲೈಬ್ರರಿಯನ್ನು ಬಳಸಿದರೆ ಸಾಲದೇ?
— ಓದುಗರು, ಶಿವಮೊಗ್ಗ

ಉತ್ತರ: ಫಾರ್ಮಿಕ್, ರಿಯಾಕ್ಟ್ ಹುಕ್ ಫಾರಂ ಮುಂತಾದ ಲೈಬ್ರರಿಗಳ ಮೂಲ ಕೋಡನ್ನು ಒಮ್ಮೆ ತೆರೆದು ನೋಡಿ. ಹೊರನೋಟಕ್ಕೆ ಅವು ಎಷ್ಟೇ ಬೇರೆಯಾಗಿದ್ದರೂ ಒಳಗಿನ ಸಹಾಯಕ ಫಂಕ್ಷನ್‌ಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಹೆಸರಿನ ದಾರಿ ಹಿಡಿದು ಮೌಲ್ಯವನ್ನು ಓದುವುದು, ಅದೇ ದಾರಿಯಲ್ಲಿ ಮೌಲ್ಯವನ್ನು ಬರೆಯುವುದು, ಮೌಲ್ಯದ ಜಾತಿಯನ್ನು ಕೇಳುವುದು ಮತ್ತು ಎರಡು ಮೌಲ್ಯಗಳು ಒಂದೇ ಆಗಿವೆಯೇ ಎಂದು ಹೋಲಿಸುವುದು. ಇವುಗಳಲ್ಲಿ ಬರೆಯುವ ಫಂಕ್ಷನ್ ಒಂದನ್ನು ಸರಿಯಾಗಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇನ್‌ಪುಟ್ ಒಂದರ ಹೆಸರು ಕುಟುಂಬ.ಸದಸ್ಯರು[2].ವಯಸ್ಸು ಎಂದಿರಲಿ. (ಜಾವಾಸ್ಕ್ರಿಪ್ಟ್ ಕನ್ನಡದ ಹೆಸರುಗಳನ್ನೂ ಒಪ್ಪುತ್ತದೆ.) ಬ್ರೌಸರ್‌ನ ಪಾಲಿಗೆ ಇದೊಂದು ಸಾದಾ ಸ್ಟ್ರಿಂಗ್, ಆದರೆ ಫಾರಂನ ಪಾಲಿಗೆ ಇದು ಆಬ್ಜೆಕ್ಟಿನೊಳಗಿನ ಅರೇ, ಆ ಅರೇಯೊಳಗಿನ ಮತ್ತೊಂದು ಆಬ್ಜೆಕ್ಟ್‌ವರೆಗೆ ಇಳಿಯುವ ದಾರಿ. ಫಾರ್ಮಿಕ್‌ನ ಸೆಟ್‌ಇನ್ ಫಂಕ್ಷನ್ ಈ ದಾರಿಯಲ್ಲಿ ಇಳಿಯುವಾಗ ಹಳೆಯ ಆಬ್ಜೆಕ್ಟನ್ನು ತಿದ್ದುವುದಿಲ್ಲ. ದಾರಿಯಲ್ಲಿ ಸಿಗುವ ಪ್ರತಿಯೊಂದು ಹಂತದ ಮೇಲುಮೇಲಿನ ನಕಲನ್ನು ಮಾಡಿಕೊಂಡು, ದಾರಿಗೆ ಸೇರದ ಭಾಗಗಳನ್ನು ಇದ್ದಂತೆಯೇ ಉಳಿಸಿಕೊಳ್ಳುತ್ತದೆ. ರಿಯಾಕ್ಟ್ ಬದಲಾವಣೆಯನ್ನು ಗುರುತಿಸುವುದು ಹೊಸ ರೆಫರೆನ್ಸ್ (ಆಬ್ಜೆಕ್ಟಿನ ಗುರುತು) ನೋಡಿಯೇ ಆದ್ದರಿಂದ ಇದು ಕೇವಲ ಶಿಸ್ತಿನ ಮಾತಲ್ಲ. ಹಳೆಯದನ್ನೇ ತಿದ್ದಿದರೆ ಮೌಲ್ಯ ಬದಲಾದರೂ ಪರದೆ ಬದಲಾಗದೆ ಉಳಿಯಬಹುದು.

ದಾರಿಯ ಒಂದು ಹಂತದಲ್ಲಿ ಇನ್ನೂ ಏನೂ ಇಲ್ಲದಿದ್ದರೆ, ಹೆಸರಿನ ಮುಂದಿನ ತುಂಡು ಪೂರ್ಣಾಂಕವಾಗಿದ್ದಲ್ಲಿ ಅರೇಯನ್ನೂ ಇಲ್ಲವಾದಲ್ಲಿ ಆಬ್ಜೆಕ್ಟನ್ನೂ ಸೆಟ್‌ಇನ್ ತಾನಾಗಿಯೇ ಸೃಷ್ಟಿಸುತ್ತದೆ. ಸದಸ್ಯರ ಪಟ್ಟಿಗೆ ಇದು ಅನುಕೂಲ. ಆದರೆ ನೀವು ಪಿನ್‌ಕೋಡ್‌ವಾರು ಶುಲ್ಕ ತುಂಬಿಸುವ ಫಾರಂ ಮಾಡಿ, ಹೆಸರನ್ನು ಶುಲ್ಕ.577201 ಎಂದು ಇಟ್ಟಿರೆನ್ನಿ: ನಿಮ್ಮೂರಿನ ಪಿನ್‌ಕೋಡ್ ಅರೇಯ ಸೂಚ್ಯಂಕವಾಗಿಬಿಡುತ್ತದೆ, ಅರೇಯ ಉದ್ದ 577202 ಆಗುತ್ತದೆ, ಅದನ್ನು ಜೇಸನ್ ಎಂಬ ಪಠ್ಯರೂಪಕ್ಕೆ ತಂದಾಗ ಒಂದು ಶುಲ್ಕದ ಮುಂದೆ 5,77,201 ನಲ್‌ಗಳು ಸಾಲುಗಟ್ಟಿ, ಒಂದೇ ಮೌಲ್ಯವಿದ್ದ ಫಾರಂ 28 ಲಕ್ಷಕ್ಕೂ ಮಿಕ್ಕ ಅಕ್ಷರಗಳಷ್ಟು ದೊಡ್ಡದಾಗಿ ಸರ್ವರ್‌ಗೆ ಹೋಗುತ್ತದೆ. ಪರಿಹಾರ ಸುಲಭ. ಆರಂಭಿಕ ಮೌಲ್ಯಗಳಲ್ಲೇ ಆ ಜಾಗಕ್ಕೆ ಖಾಲಿ ಆಬ್ಜೆಕ್ಟ್ ಇಟ್ಟರೆ ಫಂಕ್ಷನ್ ಅದನ್ನೇ ನಕಲು ಮಾಡಿಕೊಂಡು ಮುಂದುವರಿಯುತ್ತದೆ.

ಬರೆಯುವ ಫಂಕ್ಷನ್‌ಗೆ ಇನ್ನೊಂದು ಕಾವಲು ಬೇಕು. ದಾರಿಯ ತುಂಡುಗಳಲ್ಲಿ ಪ್ರೋಟೋ, ಕನ್‌ಸ್ಟ್ರಕ್ಟರ್, ಪ್ರೋಟೋಟೈಪ್ ಎಂಬ ಕೀಗಳು ಬಂದರೆ ಬರೆಯದೆ ಹಿಂದಿರುಗಬೇಕು. ಇಲ್ಲವಾದರೆ ಹೊರಗಿನವರು ಕೊಟ್ಟ ಹೆಸರೊಂದು ಪ್ರೋಗ್ರಾಂನ ಎಲ್ಲ ಆಬ್ಜೆಕ್ಟ್‌ಗಳ ತಳಹದಿಯನ್ನೇ ಕದಲಿಸಬಲ್ಲದು. ಲೋಡ್ಯಾಶ್‌ನ ಡೀಫಾಲ್ಟ್ಸ್‌ಡೀಪ್ ಫಂಕ್ಷನ್‌ನಲ್ಲಿ 2019ರಲ್ಲಿ ಬಯಲಾದ ದೋಷವೂ ಇದೇ ಜಾತಿಯದು.

ಲೋಡ್ಯಾಶ್ ಸಾಲದೇ ಎಂದು ಕೇಳಿದ್ದೀರಿ. ಆಳವಾದ ಹೋಲಿಕೆಯಂಥ ಕಷ್ಟದ ಕೆಲಸಕ್ಕೆ ಪಳಗಿದ ಪ್ಯಾಕೇಜ್ ಬಳಸುವುದೇ ಲೇಸು. ಫಾರ್ಮಿಕ್ ಕೂಡ ಅದಕ್ಕೆ ರಿಯಾಕ್ಟ್ ಫಾಸ್ಟ್ ಕಂಪೇರ್ ಎಂಬುದನ್ನು ತರಿಸಿಕೊಂಡಿದೆ. ಆದರೆ ಐದಾರು ಸಾಲಿನ ಫಂಕ್ಷನ್‌ಗೆಲ್ಲ ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದ ಕಡೆ ಮುಖ ಮಾಡಬೇಕಿಲ್ಲ. ಹನ್ನೊಂದು ಸಾಲಿನ ಲೆಫ್ಟ್‌ಪ್ಯಾಡ್ ಪ್ಯಾಕೇಜನ್ನು ಅದರ ಲೇಖಕರು 2016ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಾಗ, ಅದನ್ನು ನೇರವಾಗಿ ಬಳಸದವರ ಬಿಲ್ಡ್‌ಗಳೂ ನಿಂತುಹೋಗಿದ್ದವು.

ಪ್ರಶ್ನೆ: ಮನೆ ಸಮೀಕ್ಷೆಯ ಫಾರಂನಲ್ಲಿ ಮಕ್ಕಳ ಸಂಖ್ಯೆ 0 ಎಂದು ತುಂಬಿದರೆ "ಈ ಜಾಗವನ್ನು ಭರ್ತಿ ಮಾಡಿ" ಎಂಬ ಸೂಚನೆ ಬರುತ್ತಿದೆ. ಏಕೆ?
— ಓದುಗರು, ಮಂಡ್ಯ

ಉತ್ತರ: ಮೌಲ್ಯದ ಮೊದಲಿಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಖಾಲಿಯೇ ಎಂದು ಪರೀಕ್ಷಿಸಿದ್ದೀರಿ ಎಂದು ತೋರುತ್ತದೆ. ಆ ಪರೀಕ್ಷೆಗೆ ಸೊನ್ನೆಯೂ, ಫಾಲ್ಸ್ ಕೂಡ, ಖಾಲಿ ಸ್ಟ್ರಿಂಗೂ ಒಂದೇ. ಇದನ್ನು ಬಿಟ್ಟು ಲೋಡ್ಯಾಶ್‌ನ ಈಸ್‌ಎಂಪ್ಟಿಗೆ ಹೋದರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ: ಅದು ಸಂಗ್ರಹಗಳಿಗಾಗಿ ಮಾಡಿದ ಫಂಕ್ಷನ್, ಆದ್ದರಿಂದ 5 ಎಂಬ ಸಂಖ್ಯೆಯನ್ನೂ ಖಾಲಿ ಎಂದೇ ಹೇಳುತ್ತದೆ.

ಅನ್‌ಡಿಫೈನ್ಡ್, ನಲ್, ಅಂಚಿನ ಬಿಳಿಜಾಗ ತೆಗೆದ ಮೇಲೆ ಏನೂ ಉಳಿಯದ ಸ್ಟ್ರಿಂಗ್, ಖಾಲಿ ಅರೇ ಮತ್ತು ನ್ಯಾನ್ ('ಸಂಖ್ಯೆಯಲ್ಲ' ಎಂಬ ಮೌಲ್ಯ), ಇಷ್ಟನ್ನು ಮಾತ್ರ ಖಾಲಿ ಎಂದು ಎಣಿಸುವ ಸ್ವಂತ ಫಂಕ್ಷನ್ ಬರೆದು ಲೈಬ್ರರಿಯುದ್ದಕ್ಕೂ ಅದನ್ನೇ ಕರೆಯಿರಿ. ನ್ಯಾನ್ ಏಕೆಂದರೆ, ಸಂಖ್ಯೆಯ ಇನ್‌ಪುಟ್ ಖಾಲಿಯಿದ್ದಾಗ ಅದರ ವ್ಯಾಲ್ಯೂ‌ಆ್ಯಸ್‌ನಂಬರ್ ಕೊಡುವುದು ಅದನ್ನೇ. ಇದಕ್ಕೆ ತದ್ವಿರುದ್ಧವಾದ ಬಲೆಯೂ ಉಂಟು: ಖಾಲಿ ಸ್ಟ್ರಿಂಗನ್ನು ನಂಬರ್ ಫಂಕ್ಷನ್‌ಗೆ ಕೊಟ್ಟರೆ ಬರುವುದು 0. ಹೀಗಾಗಿ ಸಂಖ್ಯೆಗೆ ಪರಿವರ್ತಿಸಿದ ಮೇಲೆ ಖಾಲಿಯೇ ಎಂದು ಕೇಳುವ ಫಾರಂನಲ್ಲಿ, ಉತ್ತರಿಸದೆ ಬಿಟ್ಟ ಮನೆಗಳೆಲ್ಲ ಮಕ್ಕಳಿಲ್ಲದ ಮನೆಗಳಾಗಿ ದಾಖಲಾಗುತ್ತವೆ, ಮತ್ತು ಯಾವ ಎಚ್ಚರಿಕೆಯೂ ಬರುವುದಿಲ್ಲ. ನನ್ನ ಮಟ್ಟಿಗೆ ನಿಮ್ಮ ಈಗಿನ ದೋಷಕ್ಕಿಂತ ಇದೇ ಹೆಚ್ಚು ಅಪಾಯದ್ದು. ಮೊದಲು ಖಾಲಿಯೇ ಎಂದು ನೋಡಿ, ಅನಂತರ ಪರಿವರ್ತಿಸಿ. ಒಪ್ಪಿಗೆಯ ಚೆಕ್‌ಬಾಕ್ಸ್ ಕಡ್ಡಾಯವಿದ್ದರೆ ಅದಕ್ಕೆ ಟ್ರೂ ಆಗಿದೆಯೇ ಎಂಬ ಬೇರೆ ನಿಯಮವನ್ನೇ ಇಡಿ.

ಪ್ರಶ್ನೆ: ನಮ್ಮ ಫಾರಂನಲ್ಲಿ ಹೆಸರನ್ನು ಕನ್ನಡದಲ್ಲಿ ಬರೆದರೆ "ಅಕ್ಷರಗಳನ್ನು ಮಾತ್ರ ಬಳಸಿ" ಎಂಬ ದೋಷ ಬರುತ್ತದೆ. ಕನ್ನಡದ ಅಕ್ಷರ ಅಕ್ಷರವಲ್ಲವೇ?
— ಓದುಗರು, ಧಾರವಾಡ

ಉತ್ತರ: ನಿಮ್ಮ ಫಾರಂನಲ್ಲಿ ಅಕ್ಷರಗಳನ್ನು ಪರೀಕ್ಷಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಎ ಯಿಂದ ಝಡ್‌ವರೆಗಿನ ರೋಮನ್ ಅಕ್ಷರಗಳನ್ನು ಮಾತ್ರ ಬಲ್ಲದು. ಜಾವಾಸ್ಕ್ರಿಪ್ಟ್‌ನ 2018ರ ಪ್ರಮಾಣಿತ ಆವೃತ್ತಿಯಾದ ಇಸಿಎಂಎಸ್ಕ್ರಿಪ್ಟ್‌ನಿಂದ ಯೂನಿಕೋಡ್‌ನ ವರ್ಗಗಳನ್ನೇ ಹೆಸರಿಸಿ ಹುಡುಕಲು ಸಾಧ್ಯವಾಗಿದೆ. ಆದರೆ ಎಲ್ ಎಂಬ ಅಕ್ಷರ ವರ್ಗವೊಂದನ್ನೇ ಸೇರಿಸಿದರೆ "ಕಮಲ" ಪಾಸಾಗುತ್ತದೆ, "ಕವಿತಾ" ಫೇಲಾಗುತ್ತದೆ. ಯೂನಿಕೋಡ್‌ನಲ್ಲಿ ವ್ಯಂಜನಗಳಿಗೆ ಸೇರುವ ಗುಣಿತದ ಚಿಹ್ನೆಗಳೂ ಒತ್ತಕ್ಷರ ಕಟ್ಟುವ ಹಲಂತವೂ ಎಂ ಎಂಬ ಬೇರೆ ವರ್ಗದಲ್ಲಿವೆ, ಅದನ್ನೂ ಸೇರಿಸಬೇಕು. ಅಷ್ಟಾದರೂ "ರಾಜ್‌ಕುಮಾರ್" ಎಂಬ ಹೆಸರು ಹೊರಗುಳಿಯುತ್ತದೆ, ಏಕೆಂದರೆ ಜ ಕಾರಕ್ಕೆ ಕ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಎಂಬ ಸಂಕೇತವಿದೆ, ಅದು ಈ ಎರಡೂ ವರ್ಗಗಳಿಗೆ ಸೇರಿದ್ದಲ್ಲ. ಅದನ್ನು ಹೆಸರಿಟ್ಟೇ ಪಟ್ಟಿಗೆ ಸೇರಿಸಿ. ಇನಿಷಿಯಲ್‌ಗಳಿಗಾಗಿ ಚುಕ್ಕಿ ಮತ್ತು ಖಾಲಿ ಜಾಗವನ್ನೂ ಬಿಡಬೇಡಿ. ಕೊನೆಯ ಹೆಸರನ್ನು ಕಡ್ಡಾಯ ಮಾಡಿದ್ದರೆ ಅದನ್ನು ಮೊದಲು ತೆಗೆಯಿರಿ, ನಮ್ಮಲ್ಲಿ ಎಷ್ಟೋ ಜನರಿಗೆ ಅದು ಇರುವುದೇ ಇಲ್ಲ.

ಉದ್ದದ ಮಿತಿಯನ್ನೂ ಇದೇ ಸಂದರ್ಭದಲ್ಲಿ ಪರಿಶೀಲಿಸಿ. "ಸ್ತ್ರೀ" ಎಂಬುದು ನಮಗೆ ಒಂದಕ್ಷರ, ಜಾವಾಸ್ಕ್ರಿಪ್ಟ್‌ನ ಲೆಂಗ್ತ್‌ಗೆ 6, ಯುಟಿಎಫ್-8ರಲ್ಲಿ 18 ಬೈಟ್. ಇಂಗ್ಲಿಷ್ ಹೆಸರನ್ನು ಮನಸ್ಸಿನಲ್ಲಿಟ್ಟು 20ರ ಮಿತಿ ಹಾಕಿದವರು ಕನ್ನಡದ ಹೆಸರನ್ನು ಅರ್ಧದಲ್ಲೇ ಕತ್ತರಿಸುತ್ತಾರೆ.

ಹೋಲಿಕೆ ಮಾಡುವ ಮುನ್ನ ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತರುವ ಫಂಕ್ಷನ್ ಕೂಡ ಬೇಕು. "ಕೋ" ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಕಂಪ್ಯೂಟರಿಗೆ ಅವು ಬೇರೆ ಬೇರೆ ಸ್ಟ್ರಿಂಗ್‌ಗಳು. ಪಿನ್‌ಕೋಡನ್ನು ಯಾರಾದರೂ ೫೮೦೦೦೧ ಎಂದು ಕನ್ನಡ ಅಂಕಿಗಳಲ್ಲಿ ಬರೆದರೆ, ಜಾವಾಸ್ಕ್ರಿಪ್ಟ್‌ನ ಅಂಕಿ ಪರೀಕ್ಷೆ ಅದನ್ನು ಒಪ್ಪುವುದಿಲ್ಲ, ನಂಬರ್ ಫಂಕ್ಷನ್ ನ್ಯಾನ್ ಕೊಡುತ್ತದೆ. ಕನ್ನಡ ಅಂಕಿಗಳು 3302ರಿಂದ ಆರಂಭಿಸಿ ಸಾಲಾಗಿ ಹತ್ತು ಸ್ಥಾನಗಳಲ್ಲಿರುವುದರಿಂದ, ಅಂಕಿಯ ಸಂಕೇತಸಂಖ್ಯೆಯಲ್ಲಿ 3302 ಕಳೆದರೆ ಬೇಕಾದ ಅಂಕಿ ಸಿಗುತ್ತದೆ. ಇದು ಒಂದು ಸಾಲಿನ ಕೆಲಸ. ಬಳಕೆದಾರರನ್ನು ತಿದ್ದುವ ಬದಲು ನೀವೇ ಪರಿವರ್ತಿಸಿಕೊಳ್ಳಿ.

ಪ್ರಶ್ನೆ: ಬಳಕೆದಾರರ ಹೆಸರು ಈಗಾಗಲೇ ಇದೆಯೇ ಎಂದು ಸರ್ವರ್‌ನಲ್ಲಿ ನೋಡಲು ಡಿಬೌನ್ಸ್ (ಟೈಪಿಂಗ್ ಸ್ವಲ್ಪ ಹೊತ್ತು ನಿಂತ ಮೇಲಷ್ಟೇ ಕರೆ ಕಳುಹಿಸುವ ಉಪಾಯ) ಹಾಕಿದ್ದೇವೆ. ಆದರೂ ಕೆಲವೊಮ್ಮೆ ಹಳೆಯ ಹೆಸರಿನ ಉತ್ತರವೇ ಕಾಣುತ್ತದೆ.
— ಓದುಗರು, ಮಂಗಳೂರು

ಉತ್ತರ: ಡಿಬೌನ್ಸ್ ಕರೆಗಳನ್ನು ಕಡಿಮೆ ಮಾಡುತ್ತದೆ, ಅವುಗಳ ಉತ್ತರಗಳು ಬರುವ ಸರದಿಯನ್ನು ಕಾಯುವುದಿಲ್ಲ. ಹೊಸ ಕರೆ ಹೊರಡುವಾಗ ಹಿಂದಿನದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿ. ಐಎಂಇ (ಕೀಲಿಗಳನ್ನು ಕನ್ನಡ ಅಕ್ಷರಗಳಾಗಿ ಜೋಡಿಸುವ ತಂತ್ರಾಂಶ) ಬಳಸಿ ಕನ್ನಡ ಟೈಪ್ ಮಾಡುವವರಿದ್ದರೆ, ಅಕ್ಷರ ರೂಪುಗೊಳ್ಳುತ್ತಿರುವಾಗ ಪರೀಕ್ಷಿಸದೆ ಕಂಪೊಸಿಷನ್‌ಎಂಡ್ ಈವೆಂಟ್‌ವರೆಗೆ ಕಾಯಿರಿ.

ಪ್ರಶ್ನೆ: ಮೂರು ಚೆಕ್‌ಬಾಕ್ಸ್‌ಗಳಿಗೆ ಟಿಕ್ ಹಾಕಿದರೂ ಸರ್ವರ್‌ಗೆ ಒಂದೇ ಹೋಗುತ್ತಿದೆ. ಫಾರಂಡೇಟಾವನ್ನು (ಬ್ರೌಸರ್ ಕೂಡಿಸಿಕೊಡುವ ಹೆಸರು-ಮೌಲ್ಯಗಳ ಪಟ್ಟಿ) ಆಬ್ಜೆಕ್ಟ್.ಫ್ರಂಎಂಟ್ರೀಸ್‌ನಿಂದ ಬದಲಾಯಿಸುತ್ತಿದ್ದೇವೆ.
— ಓದುಗರು, ಕಲಬುರಗಿ

ಉತ್ತರ: ಒಂದೇ ಹೆಸರಿನ ಹಲವು ಮೌಲ್ಯಗಳಿದ್ದರೆ ಆ ಫಂಕ್ಷನ್ ಕೊನೆಯದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅಂಥ ಹೆಸರುಗಳನ್ನು ಗೆಟ್‌ಆಲ್ ಮೂಲಕ ಅರೇಯಾಗಿ ತೆಗೆದುಕೊಳ್ಳಿ. ಒಂದಕ್ಕೂ ಟಿಕ್ ಹಾಕದಿದ್ದಾಗ ಆ ಹೆಸರೇ ಫಾರಂಡೇಟಾದಲ್ಲಿ ಇರುವುದಿಲ್ಲವಾದ್ದರಿಂದ, ಯಾವ ಹೆಸರುಗಳು ಅರೇಗಳೆಂಬುದನ್ನು ಬಂದ ಡೇಟಾ ನೋಡಿ ಊಹಿಸದೆ ಫಾರಂನ ವಿವರಣೆಯಿಂದಲೇ ಓದಿಕೊಳ್ಳಬೇಕು. ಆಗ ಗೆಟ್‌ಆಲ್ ಖಾಲಿ ಅರೇಯನ್ನು ಕೊಡುತ್ತದೆ ಮತ್ತು ಸರ್ವರ್‌ನವರು ಪ್ರತ್ಯೇಕ ಪರೀಕ್ಷೆ ಬರೆಯಬೇಕಾಗುವುದಿಲ್ಲ.