ಹಳೇ ಗೋವಾಕ್ಕೆ ಟೂರ್ ಬಸ್ಸಿನಲ್ಲಿ ಹೋಗಬೇಡಿ

ವಯಸ್ಸಾದ ತಂದೆತಾಯಿಯನ್ನು ಸಾಗರದಿಂದ ಕರೆದೊಯ್ದು, ಹಳೇ ಗೋವಾ ಮತ್ತು ಪಣಜಿಯ ಹಳೆಯ ಬಡಾವಣೆ ಫೊಂಟೇನ್ಯಾಸ್ ಎರಡನ್ನೂ ಒಂದೇ ದಿನದ ಟೂರ್ ಬಸ್ಸಿನಲ್ಲಿ ಮುಗಿಸಬಹುದೇ ಎಂದು ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಸಾಗರದಿಂದಲೇ ಹೊರಟಿದ್ದೆ. ಜೊತೆಯಲ್ಲಿ ಅಪ್ಪ ಇದ್ದರು.

ಅಪ್ಪ ನಲವತ್ತು ವರ್ಷ ಜಂಬಿಟ್ಟಿಗೆ ಗೋಡೆ ಕಟ್ಟಿದವರು. ಬಾಂ ಜೀಸಸ್ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಶರೀರ ನೋಡಲು ಎಲ್ಲರೂ ಒಳಗೆ ನುಗ್ಗಿದರೆ, ಅವರು ಹೊರಗೋಡೆಯ ಬಳಿ ನಿಂತು ಕಲ್ಲನ್ನು ಸವರಿದರು. ಅಂಗೈಗೆ ಕೆಂಪು ಪುಡಿ ಹತ್ತಿತು. ‘ಇದಕ್ಕೆ ಗಾರೆ ಇತ್ತು, ಯಾರೋ ತೆಗೆಸಿದ್ದಾರೆ. ಇಂಥ ಮಳೆಯ ಊರಿನಲ್ಲಿ ಜಂಬಿಟ್ಟಿಗೆಯನ್ನು ಬರಿಮೈಯಲ್ಲಿ ನಿಲ್ಲಿಸಬಾರದು’ ಎಂದರು. ಊರಿಗೆ ಮರಳಿ ಓದಿದಾಗ ಗೊತ್ತಾಯಿತು: 1605ರಲ್ಲಿ ಪ್ರತಿಷ್ಠೆಯಾದ ಆ ಚರ್ಚಿನ ಗಾರೆಯನ್ನು 1950ರ ದಶಕದಲ್ಲಿ ನಿಜವಾಗಿಯೂ ತೆಗೆಸಿದ್ದರು.

ನಾನು ಮಾಡಿದ ತಪ್ಪು ಟೂರ್ ಬಸ್ಸಿನ ಟಿಕೆಟ್ ಕೊಂಡದ್ದು. ಎರಡು ಚರ್ಚಿಗೆ ಸೇರಿ ನಲವತ್ತು ನಿಮಿಷ ಕೊಟ್ಟಿದ್ದರು, ಸರದಿಯಲ್ಲೇ ಅರ್ಧ ಗಂಟೆ ಹೋಯಿತು. ಅಲ್ಲೇ ದಿಬ್ಬದ ಮೇಲೆ ಸಂತ ಆಗಸ್ಟೀನರ ಚರ್ಚಿನ ಮುರುಕು ಗೋಪುರ ಕಾಣುತ್ತದೆ. 46 ಮೀಟರ್ ಎತ್ತರ, ಪೂರ್ತಿ ಜಂಬಿಟ್ಟಿಗೆ. ‘ಅದನ್ನು ಹತ್ತಿರದಿಂದ ನೋಡೋಣ’ ಎಂದರು ಅಪ್ಪ. ‘ಅದು ಬಿದ್ದುಹೋದದ್ದು, ಅಲ್ಲೇನೂ ಇಲ್ಲ’ ಎಂದ ಗೈಡ್. ಆ ಬಸ್ಸನ್ನು ಅಲ್ಲೇ ಬಿಟ್ಟುಬಿಡಬಹುದಿತ್ತು. ಪಣಜಿ ಹತ್ತೇ ಕಿಲೋಮೀಟರ್, ಊರ ಬಸ್ಸುಗಳು ಒಂದರ ಹಿಂದೊಂದು ಓಡಾಡುತ್ತವೆ. ಅಷ್ಟನ್ನೂ ನಾನು ವಿಚಾರಿಸಲಿಲ್ಲ. ಮಧ್ಯಾಹ್ನದ ಊಟಕ್ಕೂ ಸಂಜೆಯ ದೋಣಿಗೂ ಮೊದಲೇ ಹಣ ಕಟ್ಟಿದ್ದೆ, ಅದು ದಂಡವಾಗುತ್ತದೆಂದು ಲೆಕ್ಕ ಹಾಕಿ ಅಪ್ಪನ ಕೈಹಿಡಿದು ಬಸ್ಸು ಹತ್ತಿಸಿದೆ. ತಿರುವು ಬರುವವರೆಗೂ ಅವರು ಕಿಟಕಿಯಿಂದ ಆ ಗೋಪುರವನ್ನೇ ನೋಡುತ್ತಿದ್ದರು. ಸಂಜೆಯ ದೋಣಿಯಲ್ಲಿ ಏನು ನೋಡಿದೆವೆಂದು ನನಗೆ ನೆನಪೇ ಇಲ್ಲ.

ಹೋದ ವರ್ಷ ಒಬ್ಬನೇ ಹೋಗಿ ಅರ್ಧ ದಿನ ಆ ಗೋಪುರದ ಬಳಿ ಇದ್ದೆ. ಪೋರ್ಚುಗೀಸ್ ಸರ್ಕಾರ 1835ರಲ್ಲಿ ಪಾದ್ರಿಗಳ ಮಠಗಳನ್ನು ಮುಚ್ಚಿಸಿದ ಮೇಲೆ ನೋಡುವವರಿಲ್ಲದೆ, 1842ರಲ್ಲಿ ಚಾವಣಿಯ ಕಮಾನು ಕುಸಿಯಿತು. 1931ರಲ್ಲಿ ಮುಂಭಾಗದ ಜೊತೆಗೆ ಗೋಪುರದ ಅರ್ಧವೂ ಬಿತ್ತು. ಅಷ್ಟಾದರೂ ಉಳಿದ ಅರ್ಧ ನಿಂತಿದೆ. ಫೋಟೊ ತಂದು ತೋರಿಸಿದೆ. ಮಂಡಿನೋವಿನಿಂದ ಮನೆ ಬಿಟ್ಟು ಹೋಗಲಾರದ ಅಪ್ಪ ಮೊಬೈಲಿನಲ್ಲಿ ಒಂದೊಂದು ಕಲ್ಲನ್ನೂ ಹಿಗ್ಗಿಸಿ ನೋಡಿ, ‘ಸಂದಿನ ಗಾರೆ ಮುಟ್ಟಿ ನೋಡಿದೆಯಾ? ಸುಣ್ಣದ್ದಾ?’ ಎಂದು ಕೇಳಿದರು. ನಾನು ಮುಟ್ಟಿರಲಿಲ್ಲ.

ಆದ್ದರಿಂದ ಒಂದು ದಿನದಲ್ಲಿ ಮುಗಿಸುವ ಯೋಚನೆಯನ್ನೇ ಬಿಡಿ. ಪಣಜಿಯಲ್ಲಿ ಒಂದು ರಾತ್ರಿ ಉಳಿಯಿರಿ. ಫೊಂಟೇನ್ಯಾಸ್‌ಗೆ ಸಂಜೆಯ ಒಂದು ಗಂಟೆ ಧಾರಾಳವಾಯಿತು. ಹಳದಿ, ನೀಲಿ ಬಣ್ಣದ ಆ ಮನೆಗಳಲ್ಲಿ ಜನ ವಾಸವಾಗಿದ್ದಾರೆ, ಅವರ ಹೊಸ್ತಿಲ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳಬೇಡಿ. ಹತ್ತಿರದಲ್ಲೇ ಸಾಲು ಮೆಟ್ಟಿಲುಗಳ ಬಿಳಿ ಚರ್ಚಿದೆ. ಆಗಸ್ಟೀನರ ಗೋಪುರದಲ್ಲಿದ್ದ ದೊಡ್ಡ ಗಂಟೆ ಈಗ ಅಲ್ಲಿದೆ, ಅದನ್ನು ತಂದೆಯವರಿಗೆ ತೋರಿಸಿ. ಮರುದಿನ ಬಿಸಿಲೇರುವ ಮೊದಲೇ ಹಳೇ ಗೋವಾಕ್ಕೆ ಹೊರಡಿ. ಭಾನುವಾರ ಬೇಡ, ಪ್ರಾರ್ಥನೆಯ ಜನಸಂದಣಿ ಇರುತ್ತದೆ. ದಿಬ್ಬದ ಮೇಲಿನವರೆಗೂ ವಾಹನ ಹೋಗುತ್ತದೆ, ಮೊದಲು ಅಲ್ಲಿಗೇ ಹೋಗಿ. ಸರದಿಯ ಚರ್ಚು ಆಮೇಲೆ.